ಹುಂಡಿಯ ಹಣದಲ್ಲಿ ಕಾಲೇಜು

2025ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಮಿಳುನಾಡು ಸರ್ಕಾರದ ಒಂದಷ್ಟು ಆದೇಶಗಳನ್ನು ರದ್ದುಗೊಳಿಸಿತು. ಐದು ದೇವಸ್ಥಾನಗಳ ಹಣದಿಂದ ಕಲ್ಯಾಣ ಮಂಟಪ ಕಟ್ಟಿಸಿ ಬಾಡಿಗೆಗೆ ಬಿಡಲು ಅನುಮತಿ ಕೊಟ್ಟ ಆದೇಶಗಳವು. ಮರುತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಡಲು ಒಪ್ಪಲಿಲ್ಲ. ಭಕ್ತರು ಕಾಣಿಕೆ ಹಾಕುವುದು ಮದುವೆ ಮಂಟಪ ಕಟ್ಟಿಸಲಿ ಎಂದಲ್ಲ ಎಂಬ ಮಾತು ಅಲ್ಲಿಯೂ ಬಂತು. ಅದಕ್ಕೆ ತುಸು ಮುಂಚೆ, ಜುಲೈನಲ್ಲಿ, ದೇವಸ್ಥಾನದ ದುಡ್ಡಿನಲ್ಲಿ ಕಾಲೇಜು ನಡೆಸುವುದು ಸರಿಯೇ ಎಂಬ ಪ್ರಶ್ನೆ ಚುನಾವಣಾ ಪ್ರಚಾರದ ವೇದಿಕೆ ಹತ್ತಿತ್ತು. ವೇದಿಕೆ ಹತ್ತಿದ ಮೇಲೆ ಅದರ ರೂಪವೇ ಬದಲಾಯಿತು. ಒಂದು ಕಡೆಯವರು ‘ನೀವು ವಿದ್ಯೆಗೆ ವಿರೋಧಿಗಳೇ?’ ಎಂದು ಕೇಳಿದರು. ಇನ್ನೊಂದು ಕಡೆಯವರು ‘ನೀವು ದೇವರಿಗೆ ವಿರೋಧಿಗಳೇ?’ ಎಂದರು. ಎರಡೂ ಪ್ರಶ್ನೆಗಳು ದಾನ ಕೊಟ್ಟವನ ಆತಂಕವನ್ನು ಮುಟ್ಟುವುದೇ ಇಲ್ಲ. ದಾನಿಗೆ ವಿದ್ಯೆಯೂ ಬೇಕಿರಬಹುದು, ದೇವರೂ ಬೇಕಿರಬಹುದು. ಒಂದಕ್ಕೆಂದು ಕೊಟ್ಟದ್ದನ್ನು ಇನ್ನೊಂದಕ್ಕೆ ತಿರುಗಿಸುವಾಗ ಯಾರು, ಯಾವಾಗ, ಯಾರನ್ನು ಕೇಳಿ ನಿರ್ಧರಿಸಿದರು ಎಂಬುದು ಅವನ ಪ್ರಶ್ನೆ. ಹೊಸ ಉದ್ದೇಶ ಎಷ್ಟು ಉದಾತ್ತವಾಗಿದ್ದರೂ ಈ ಪ್ರಶ್ನೆ ಕರಗುವುದಿಲ್ಲ. ಉದ್ದೇಶ ಉದಾತ್ತವಾದಷ್ಟೂ ಅದನ್ನು ಕೇಳುವುದು ಕಷ್ಟವಾಗುತ್ತದೆ, ಆದ್ದರಿಂದಲೇ ಕೇಳಲೇಬೇಕಾಗುತ್ತದೆ.

ಚೆನ್ನೈನಲ್ಲೇ ಇದಕ್ಕೆ ಕಣ್ಣೆದುರಿನ ಉದಾಹರಣೆಯಿದೆ. 2021ರಲ್ಲಿ ತಮಿಳುನಾಡಿನ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿ ಇಲಾಖೆ, ಅಂದರೆ ನಮ್ಮ ಮುಜರಾಯಿ ಇಲಾಖೆಯ ಸರಿಸಮಾನ, ದೇವಸ್ಥಾನಗಳ ಹಣದಲ್ಲಿ ಕಲಾ ಮತ್ತು ವಿಜ್ಞಾನ ಕಾಲೇಜುಗಳನ್ನು ತೆರೆಯುವುದಾಗಿ ಘೋಷಿಸಿತು. ಮೈಲಾಪುರದ ಕಪಾಲೀಶ್ವರನ ಹೆಸರಿನಲ್ಲಿ ಕೊಳತ್ತೂರಿನಲ್ಲಿ ಆ ವರ್ಷದ ನವೆಂಬರ್‌ನಲ್ಲಿ ಕಾಲೇಜು ಶುರುವಾಯಿತು. ಕಲಿಸುವುದು ವಾಣಿಜ್ಯ, ಆಡಳಿತ ನಿರ್ವಹಣೆ, ಕಂಪ್ಯೂಟರ್. ಉತ್ತರ ಚೆನ್ನೈನ ಮಧ್ಯಮ, ಕೆಳಮಧ್ಯಮ ವರ್ಗದ ಮಕ್ಕಳಿಗೆ ಅದರಿಂದ ಅನುಕೂಲವಾಗಿದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಪ್ರಶ್ನಿಸಿದವರು ಹೈಕೋರ್ಟಿಗೆ ಹೋದಾಗ ನ್ಯಾಯಾಲಯ ಅದನ್ನು ಮುಚ್ಚಿಸಲಿಲ್ಲ. ಆದರೆ ತನ್ನ ಅನುಮತಿಯಿಲ್ಲದೆ ಇಂಥ ಹೊಸ ಕಾಲೇಜು ತೆರೆಯಬಾರದೆಂದೂ, ತೆರೆದಿರುವ ಕಡೆ ಹಿಂದೂ ಧರ್ಮದ ಪಾಠ ಇರಲೇಬೇಕೆಂದೂ ಮಧ್ಯಂತರ ಆದೇಶ ಕೊಟ್ಟಿತು. ಈ ಪಾಠದ ಷರತ್ತು ಆಕಾಶದಿಂದ ಉದುರಿದ್ದಲ್ಲ. 1959ರ ತಮಿಳುನಾಡು ಕಾಯ್ದೆಯ 36ನೇ ಸೆಕ್ಷನ್ ದೇವಸ್ಥಾನದ ಅಗತ್ಯಗಳಿಗೆಲ್ಲ ಸಾಕಷ್ಟು ತೆಗೆದಿಟ್ಟ ಮೇಲೆ ಉಳಿದ ಹಣವನ್ನು, ಆಯುಕ್ತರ ಮಂಜೂರಾತಿ ಪಡೆದು, ಕೆಲವು ಹೆಸರಿಸಿದ ಕೆಲಸಗಳಿಗೆ ಬಳಸಲು ಧರ್ಮದರ್ಶಿಗಳಿಗೆ ಬಿಡುತ್ತದೆ. ಆ ಕೆಲಸಗಳ ಪಟ್ಟಿ 66ನೇ ಸೆಕ್ಷನ್‌ನಲ್ಲಿದೆ. ಬಡ ದೇವಸ್ಥಾನಗಳಿಗೆ ನೆರವು ಅದರಲ್ಲಿದೆ, ಹಿಂದೂ ಧರ್ಮದ ಅಧ್ಯಯನಕ್ಕೆ ವಿಶೇಷ ಏರ್ಪಾಡಿರುವ ಕಾಲೇಜೂ ಇದೆ. ಕಾನೂನು ಬಾಗಿಲು ಮುಚ್ಚಿಲ್ಲ, ಬಾಗಿಲ ಅಳತೆ ಹೇಳಿದೆ.

ಕಾಲೇಜಿನ ಪರ ವಾದಿಸುವವರಿಗೆ ಇದೇ ಊರಿನ ಇತಿಹಾಸದಲ್ಲಿ ಬಲವಾದ ಆಸರೆಯೊಂದಿದೆ. ಪಚ್ಚೈಯಪ್ಪ ಮೊದಲಿಯಾರ್ ಹದಿನೆಂಟನೆಯ ಶತಮಾನದ ಮದ್ರಾಸಿನ ದುಬಾಷಿ. ತಂದೆಯಿಲ್ಲದೆ ಬೆಳೆದು, ಈಸ್ಟ್ ಇಂಡಿಯಾ ಕಂಪನಿಯ ಬಿಳಿಯರಿಗೂ ತಂಜಾವೂರಿನ ಕಡೆಯ ವ್ಯವಹಾರಕ್ಕೂ ನಡುವೆ ನಿಂತು ದೊಡ್ಡ ಸಂಪತ್ತು ಮಾಡಿದ ಮನುಷ್ಯ. 1794ರಲ್ಲಿ ನಲವತ್ತರ ಹೊತ್ತಿಗೆ ತೀರಿಕೊಳ್ಳುವ ಕೆಲವೇ ದಿನ ಮೊದಲು ಉಯಿಲು ಬರೆದು, ಆಸ್ತಿಯ ದೊಡ್ಡ ಪಾಲನ್ನು ದೇವಸ್ಥಾನಗಳ ಸೇವೆಗೂ ಧರ್ಮಕಾರ್ಯಗಳಿಗೂ ಬಿಟ್ಟ. ಆಮೇಲೆ ನಡೆದದ್ದು ನಮ್ಮ ಎಷ್ಟೋ ದತ್ತಿಗಳ ಕಥೆಯೇ. ಉಸ್ತುವಾರಿ ಹೊತ್ತವರು, ಸಂಬಂಧಿಕರು, ವ್ಯಾಜ್ಯಗಳು. ದಾನಿ ಹೇಳಿದ ಸೇವೆಗಳು ಸರಿಯಾಗಿ ನಡೆಯದೆ ದಶಕಗಳು ಉರುಳಿದವು. ಕೊನೆಗೆ ಅಂದಿನ ಮದ್ರಾಸ್ ಸುಪ್ರೀಂ ಕೋರ್ಟು ಮಧ್ಯೆ ಬಂದು ಹಣವನ್ನು ಹೊರಗೆಳೆಯಿತು. ಬಡ್ಡಿ ಸೇರಿ ಬೆಳೆದಿದ್ದ ಆ ಮೊತ್ತದಲ್ಲಿ ದೇವರ ಸೇವೆಗಳಿಗೆ ಬೇಕಾದ್ದನ್ನು ಮೊದಲು ತೆಗೆದಿಟ್ಟು, ಉಳಿಕೆಯನ್ನು ವಿದ್ಯೆಗೆ ಬಳಸುವ ಏರ್ಪಾಡಾಯಿತು. ಅಡ್ವೊಕೇಟ್ ಜನರಲ್ ಆಗಿದ್ದ ಜಾರ್ಜ್ ನಾರ್ಟನ್ ಇದಕ್ಕೆ ಬೆನ್ನೆಲುಬಾಗಿದ್ದ. 1842ರ ಜನವರಿಯಲ್ಲಿ ಪಾಪ್‌ಹ್ಯಾಮ್ಸ್ ಬ್ರಾಡ್‌ವೇಯಲ್ಲಿ ಪಚ್ಚೈಯಪ್ಪನ ಹೆಸರಿನ ಶಾಲೆ ತೆರೆಯಿತು. 1850ರಲ್ಲಿ ಚೈನಾ ಬಜಾರಿನಲ್ಲಿ ಗ್ರೀಕ್ ದೇಗುಲದ ಮಾದರಿಯ ಕಂಬಗಳ ಪಚ್ಚೈಯಪ್ಪ ಸಭಾಂಗಣ ಎದ್ದಿತು. 1889ರಲ್ಲಿ ಶಾಲೆ ಕಾಲೇಜಾಯಿತು, 1940ರಲ್ಲಿ ಚೆಟ್‌ಪೇಟ್‌ಗೆ ಹೋಯಿತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕೆಲಕಾಲ ಇಲ್ಲಿ ಓದಿದರು, ಮುಂದೆ ಮುಖ್ಯಮಂತ್ರಿಯಾದ ಸಿ.ಎನ್. ಅಣ್ಣಾದುರೈ ಇಲ್ಲಿ ಪದವಿ ಪಡೆದರು. ಪಾದ್ರಿಗಳ ಶಾಲೆ ಬಿಟ್ಟರೆ ಇಂಗ್ಲಿಷ್ ವಿದ್ಯೆಗೆ ದಾರಿಯೇ ಕಡಿಮೆಯಿದ್ದ ಕಾಲದಲ್ಲಿ ಊರಿನವರದೇ ದುಡ್ಡಿನಲ್ಲಿ ಊರಿನ ಮಕ್ಕಳಿಗೆ ದಾರಿ ತೆರೆಯಿತು. ಪಚ್ಚೈಯಪ್ಪ ಉಯಿಲಿನಲ್ಲಿ ಕಾಲೇಜು ಕಟ್ಟಿ ಎಂದು ಬರೆದಿರಲಿಲ್ಲ, ಆದರೂ ಇಂದು ಅವನ ಹೆಸರು ಉಳಿದಿರುವುದೇ ಕಾಲೇಜಿನಿಂದ. ಹಾಗಿದ್ದಮೇಲೆ ಕಪಾಲೀಶ್ವರನ ಹಣದಲ್ಲಿ ಕಾಲೇಜು ಕಟ್ಟಿದರೆ ತಪ್ಪೇನು ಎಂದು ಕೇಳಬಹುದು.

ಕೇಳಲೇಬೇಕಾದ ಪ್ರಶ್ನೆ. ಅದರ ಉತ್ತರ ಪಚ್ಚೈಯಪ್ಪನ ಪ್ರಕರಣವನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ ಸಿಗುತ್ತದೆ. ಅಲ್ಲಿ ವಿದ್ಯೆಗೆ ಹೋದದ್ದು ಉಳಿಕೆ ಮಾತ್ರ. ದಾನಿ ಹೇಳಿದ ಸೇವೆಗಳಿಗೆ ಬೇಕಾದ ಮೂಲಧನ ಮೊದಲು ಬೇರೆಯಾಯಿತು. ನಿರ್ಧಾರ ಮಾಡಿದ್ದು ಹಣದ ಮೇಲೆ ಕೈಯಿಟ್ಟಿದ್ದವರಲ್ಲ, ಅದರಿಂದ ಏನೂ ಲಾಭವಿಲ್ಲದ ನ್ಯಾಯಾಲಯ. ಧರ್ಮದರ್ಶಿಗಳೇ ತಮ್ಮ ಕೋಣೆಯಲ್ಲಿ ಕೂತು ನಿರ್ಧರಿಸಿದ್ದರೆ ಅದು ಅವರ ಹಿಂದಿನವರು ಮಾಡಿದ ಗೋಲ್‌ಮಾಲಿನ ಮುಂದುವರಿಕೆಯಾಗುತ್ತಿತ್ತು, ಎಷ್ಟೇ ಒಳ್ಳೆಯ ಶಾಲೆ ಕಟ್ಟಿದ್ದರೂ. ನಿರ್ಧಾರ ತೆರೆದ ವಿಚಾರಣೆಯ ಮೂಲಕ ಬಂದದ್ದರಿಂದ ಬೇಡ ಎನ್ನುವವರಿಗೆ ಬಂದು ಹೇಳುವ ಅವಕಾಶವಿತ್ತು. ಕೊಳತ್ತೂರಿನಲ್ಲಿ ಕ್ರಮ ತಿರುಗುಮುರುಗಾಯಿತು. ಮೊದಲು ಸರ್ಕಾರದ ಘೋಷಣೆ, ಬಳಿಕ ಉದ್ಘಾಟನೆ, ಆಮೇಲೆ ನ್ಯಾಯಾಲಯ. ತಮಿಳುನಾಡಿನ ಎಷ್ಟೋ ದೇವಸ್ಥಾನಗಳಲ್ಲಿ ವರ್ಷಗಟ್ಟಲೆ ಧರ್ಮದರ್ಶಿಗಳ ನೇಮಕವಾಗದೆ, ‘ತಕ್ಕಾರ್’ ಎಂದು ಕರೆಯುವ ಇಲಾಖೆಯ ಅಧಿಕಾರಿಯೇ ಆ ಸ್ಥಾನದಲ್ಲಿ ಕೂತಿರುತ್ತಾನೆ. ಉಳಿಕೆ ಇದೆ ಎನ್ನುವವನೂ, ಅದನ್ನು ಕೊಡುತ್ತೇನೆ ಎನ್ನುವವನೂ, ಮಂಜೂರು ಮಾಡುವವನೂ ಒಂದೇ ಇಲಾಖೆಯ ಮೇಜುಗಳಲ್ಲಿ ಕೂತರೆ ಕಾಯ್ದೆಯ ಮೂರು ಬೀಗಗಳಿಗೆ ಒಂದೇ ಬೀಗದಕೈ ಆಯಿತು.

‘ಉಳಿಕೆ’ ಎನ್ನುವುದನ್ನು ಲೆಕ್ಕಪುಸ್ತಕದ ಕೊನೆಯ ಸಾಲಿನಲ್ಲಿ ಹುಡುಕಿದರೆ ಸಾಲದು. ಇಲಾಖೆಯ ಕೈಕೆಳಗೆ 36,000ಕ್ಕೂ ಹೆಚ್ಚು ದೇವಸ್ಥಾನಗಳಿವೆ. ಅವುಗಳಲ್ಲಿ ದಿನಕ್ಕೆ ಒಂದು ಹೊತ್ತಿನ ಪೂಜೆಗೂ ವರಮಾನವಿಲ್ಲದವು ಎಷ್ಟಿವೆಯೆಂದರೆ, ಸರ್ಕಾರವೇ ‘ಒರು ಕಾಲ ಪೂಜೈ’ ಎಂಬ ಯೋಜನೆ ಮಾಡಿ 12,000ಕ್ಕೂ ಹೆಚ್ಚು ಗುಡಿಗಳಿಗೆ ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ದೀಪ ಹಚ್ಚಿಸುತ್ತಿದೆ. ಆ ಗುಡಿಗಳ ಗೋಪುರಗಳಲ್ಲಿ ಆಲದ ಸಸಿ ಬೇರೂರಿದೆ, ಅರ್ಚಕನಿಗೆ ಬದುಕುವಷ್ಟು ಸಂಬಳವಿಲ್ಲ, ಓದುವವರಿಲ್ಲದೆ ಶಾಸನಗಳು ಸುಣ್ಣದಡಿ ಹೋಗುತ್ತಿವೆ. ಈ ಯೋಜನೆ ಒಳ್ಳೆಯದೇ. ಆದರೆ ಅದೇ ದೊಡ್ಡ ದೇವಸ್ಥಾನಗಳ ‘ಉಳಿಕೆ’ಯ ಬಗ್ಗೆ ಸಾಕ್ಷಿ ಹೇಳುತ್ತದೆ. ಮೈಲಾಪುರದಲ್ಲಿ ಮಿಕ್ಕಿತು ಎನ್ನುವ ಹಣ ದೂರದ ಹಳ್ಳಿಯ ಶಿವನಿಗೆ ಸಾಲದೆ ಬಂದ ಹಣ. ಅಂಥ ಗುಡಿಗೆ ನೆರವಾಗುವುದು ಹುಂಡಿಗೆ ಹಾಕಿದವನ ಮನಸ್ಸಿಗೆ ಹತ್ತಿರವಾದ ಉಪಯೋಗ. ಕಾಯ್ದೆಯ ಪಟ್ಟಿಯಲ್ಲಿಯೂ ಅದಿದೆ. ಹತ್ತಿರದ ಉಪಯೋಗ ಬರಿದಾಗುವ ಮುನ್ನ ದೂರದ ಉಪಯೋಗಕ್ಕೆ ಹಾರುವುದು ಯಾಕೆ ಎಂದು ದಾನಿ ಕೇಳಿದರೆ, ‘ವಿದ್ಯೆ ಬೇಡವೇ?’ ಎನ್ನುವುದು ಉತ್ತರವಾಗುವುದಿಲ್ಲ. ವಿದ್ಯೆ ಬೇಕು. ಅದಕ್ಕೆ ತೆರಿಗೆಯ ಹಣವಿದೆ, ಅದನ್ನು ಕೊಡುವುದು ಸರ್ಕಾರದ ಕರ್ತವ್ಯವೂ ಹೌದು. ಸರ್ಕಾರ ತನ್ನ ಕೆಲಸಕ್ಕೆ ದೇವರ ಖಾತೆಯಿಂದ ಕೈಗಡ ಪಡೆಯುವ ಅಭ್ಯಾಸ ಮಾಡಿಕೊಂಡರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಕಲ್ಯಾಣ ಮಂಟಪಗಳೇ ಉತ್ತರ ಕೊಟ್ಟಿವೆ.

ಇದಕ್ಕೆ ಜಾಣತನದ ಒಂದು ಆಕ್ಷೇಪಣೆಯಿದೆ. ಹುಂಡಿಗೆ ಬಿದ್ದ ಹತ್ತು ರೂಪಾಯಿಗೆ ಉದ್ದೇಶವೆಲ್ಲಿದೆ? ಹಾಕಿದವನು ಉಯಿಲು ಬರೆದನೇ, ಷರತ್ತು ಹಾಕಿದನೇ? ಅದು ದೇವರಿಗೆ ಒಪ್ಪಿಸಿದ್ದು, ಒಪ್ಪಿಸಿದ ಮೇಲೆ ಅವನದಲ್ಲ. ಮೊದಲರ್ಧ ನಿಜ: ಕೊಟ್ಟದ್ದು ಕೊಟ್ಟವನದಲ್ಲ. ಆದರೆ ಅದು ತೆಗೆದುಕೊಂಡವನದೂ ಅಲ್ಲ ಎನ್ನುವುದನ್ನು ಈ ವಾದ ಮರೆಯುತ್ತದೆ. ದಕ್ಷಿಣದ ದೇವಸ್ಥಾನಗಳ ಗೋಡೆಗಳೇ ಇದಕ್ಕೆ ಸಾಕ್ಷಿ. ಚೋಳರ ಕಾಲದ ಶಾಸನಗಳಲ್ಲಿ ಒಂದು ನಂದಾದೀವಿಗೆಗೆ 96 ಕುರಿ ಕೊಟ್ಟ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಆ ಕುರಿಗಳನ್ನು ಸಾಯದ, ಮುಪ್ಪಾಗದ ಕುರಿಗಳೆಂದು ಕರೆಯುತ್ತಾರೆ. ಅಂದರೆ ಹಿಂಡಿನ ಸಂಖ್ಯೆ ಕಡಿಮೆಯಾಗದಂತೆ ನೋಡಿಕೊಂಡು ಅದರ ತುಪ್ಪದಲ್ಲಿ ಸೂರ್ಯಚಂದ್ರರಿರುವವರೆಗೆ ದೀಪ ಉರಿಸಬೇಕು. ಮೂಲಧನ, ಆದಾಯ, ಉದ್ದೇಶ, ಹೊಣೆಗಾರ, ಎಲ್ಲವೂ ಕಲ್ಲಿನ ಮೇಲೆ. ನಮ್ಮ ಕನ್ನಡದ ದತ್ತಿ ಶಾಸನಗಳೂ ಹೀಗೆಯೇ. ಇಂಥವರು, ಇಷ್ಟು ಗದ್ದೆ, ಇಂಥ ಸೇವೆಗೆ, ಎಂದು ಹೇಳಿ, ಅಳುಪಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂಬ ಶಾಪಾಶಯದಿಂದ ಮುಗಿಯುತ್ತವೆ. ಸತ್ತ ದಾನಿಯ ಪರವಾಗಿ ವಾದಿಸಲು ವಕೀಲರಿಲ್ಲದ ಕಾಲದಲ್ಲಿ ಶಾಪವೇ ಕಾನೂನು. ದಾನವೆಂದರೆ ಕೊಟ್ಟು ಕೈತೊಳೆದುಕೊಳ್ಳುವುದು ಎಂಬ ನಂಬಿಕೆ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ಹುಂಡಿಯ ಕಾಣಿಕೆಗೆ ಬರೆದಿಟ್ಟ ಷರತ್ತಿಲ್ಲ, ನಿಜ. ಆದರೆ ಅದು ಎಲ್ಲಿ ಬಿತ್ತು ಎಂಬುದೇ ಅದರ ಷರತ್ತು. ಅದೇ ಮನುಷ್ಯ ಕಾಲೇಜಿಗೆ ಕೊಡಬೇಕೆಂದಿದ್ದರೆ ಕಾಲೇಜಿನ ಬಾಗಿಲಿಗೆ ಹೋಗುತ್ತಿದ್ದ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು, ಅದನ್ನು ಲಘುವಾಗಿ ತಳ್ಳಲಾಗದು. ಸತ್ತವರ ಇಚ್ಛೆ ಬದುಕಿರುವವರ ಕೈ ಕಟ್ಟಿಹಾಕಬಾರದು. ಪಚ್ಚೈಯಪ್ಪ ಕಾಲೇಜಿನಲ್ಲಿಯೇ 1947ರವರೆಗೆ ಹಿಂದೂ ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶವಿತ್ತು. ಆ ನಿರ್ಬಂಧವನ್ನು ಮೂಲ ಉದ್ದೇಶವೆಂದು ಕಾಪಾಡಿಕೊಂಡಿದ್ದರೆ ಇಂದು ನಾವು ತಲೆ ತಗ್ಗಿಸಬೇಕಾಗುತ್ತಿತ್ತು. ಕಾಲ ಬದಲಾದಂತೆ ಧರ್ಮಸಂಸ್ಥೆಗಳೂ ಬದಲಾಗಬೇಕು, ಒಪ್ಪುತ್ತೇನೆ. ಆದರೆ ಬದಲಾವಣೆಗೂ ದಾರಿತಪ್ಪುವುದಕ್ಕೂ ಇರುವ ಗೆರೆಯನ್ನು ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಎಳೆದಿವೆ. ಮೂಲ ಉದ್ದೇಶ ನಡೆಸಲಾಗದಂತಾದಾಗ ಅದಕ್ಕೆ ಆದಷ್ಟು ಹತ್ತಿರದ ಇನ್ನೊಂದು ಉದ್ದೇಶಕ್ಕೆ ಹಣ ತಿರುಗಿಸಬಹುದು ಎನ್ನುವುದು ದತ್ತಿ ಕಾನೂನಿನ ಹಳೆಯ ತತ್ವ. 1954ರಲ್ಲಿ, ಬಾಂಬೆ ಸಾರ್ವಜನಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದ ರತಿಲಾಲ್ ಪಾನಾಚಂದ್ ಗಾಂಧಿ ಪ್ರಕರಣದಲ್ಲಿ, ದಾನಿಯ ಉದ್ದೇಶ ಇನ್ನೂ ನಡೆಸಬಹುದಾಗಿರುವಾಗ, ಅಧಿಕಾರಿಗೋ ನ್ಯಾಯಾಲಯಕ್ಕೋ ಬೇರೊಂದು ಉದ್ದೇಶ ಉಚಿತವೆನಿಸಿತು ಎಂಬ ಕಾರಣಕ್ಕೆ ಧಾರ್ಮಿಕ ದತ್ತಿಯ ಹಣ ತಿರುಗಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ, ಆಗ ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡದ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ಮದ್ರಾಸಿನ 1951ರ ಧಾರ್ಮಿಕ ದತ್ತಿ ಕಾಯ್ದೆಯ ಹಲವು ಸೆಕ್ಷನ್‌ಗಳು ಬಿದ್ದುಹೋದವು. ಈಗಿನ ಚರ್ಚೆಯ ಬೇರೊಂದು ತುದಿ ನಮ್ಮ ಕರಾವಳಿಯಲ್ಲೇ ಇದೆ ಎಂದಾಯಿತು. ಮುಜರಾಯಿ ದೇವಸ್ಥಾನಗಳ ವರಮಾನದಿಂದ ಸಾಮಾನ್ಯ ನಿಧಿಗೆ ಪಾಲು ತೆಗೆಯುವ ಮಸೂದೆಯ ಬಗ್ಗೆ 2024ರಲ್ಲಿ ಕರ್ನಾಟಕದ ವಿಧಾನಮಂಡಲದಲ್ಲಿ ನಡೆದ ಜಗಳದಲ್ಲಿಯೂ ಈ ಗೆರೆಯ ಪ್ರಸ್ತಾಪ ಬರಬೇಕಿತ್ತು. ಬಂದದ್ದು ಪಕ್ಷಗಳ ಲೆಕ್ಕಾಚಾರ.

ಮಾತು ದೇವಸ್ಥಾನದ್ದಷ್ಟೇ ಅಲ್ಲ. ದಾನಿಯ ಒಪ್ಪಿಗೆ ಕೇಳಿ ಬದಲಾಗುವುದಕ್ಕೂ ಕೇಳದೆ ಬದಲಾಗುವುದಕ್ಕೂ ಇರುವ ವ್ಯತ್ಯಾಸ ಚೆನ್ನೈನ ತೀರವನ್ನೂ ಅಪ್ಪಳಿಸಿದ ದುರಂತವೊಂದರ ಸುತ್ತ ಜಗತ್ತಿಗೆಲ್ಲ ಕಂಡಿತ್ತು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಎಲ್ಲ ದೇಶಗಳಿಂದ ಹಣ ಹರಿದು ಬಂತು. ‘ಗಡಿಯಿಲ್ಲದ ವೈದ್ಯರು’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸುಮಾರು ಒಂದೇ ವಾರದಲ್ಲಿ, ಸುನಾಮಿಗೆ ನಾವು ಮಾಡಬಲ್ಲಷ್ಟು ಕೆಲಸಕ್ಕೆ ಹಣ ಸಾಕಾಯಿತು, ಇನ್ನು ಕೊಡಬೇಡಿ ಎಂದು ಬಹಿರಂಗವಾಗಿ ಹೇಳಿತು. ಈಗಾಗಲೇ ಕೊಟ್ಟವರಿಗೆ ಪತ್ರ ಬರೆದು, ಹೆಚ್ಚಾದದ್ದನ್ನು ಬೇರೆ ಸಂಕಟಗಳಿಗೆ ಬಳಸಲು ಒಪ್ಪುತ್ತೀರಾ ಅಥವಾ ವಾಪಸು ಬೇಕೇ ಎಂದು ಕೇಳಿತು. ಬಹುತೇಕರು ಒಪ್ಪಿದರು. ಅದಕ್ಕೆ ಮೂರು ವರ್ಷ ಮುಂಚೆ, 2001ರ ಸೆಪ್ಟೆಂಬರ್ ದಾಳಿಯ ಬಳಿಕ, ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಸಂತ್ರಸ್ತರ ಹೆಸರಿನಲ್ಲಿ ಸಂಗ್ರಹಿಸಿದ ನಿಧಿಯ ಒಂದು ಭಾಗವನ್ನು ಮುಂದಿನ ದಿನಗಳ ಸಿದ್ಧತೆಗೆಂದು ಉಳಿಸಿಕೊಳ್ಳಹೊರಟಿತು. ಅದೂ ಕೆಟ್ಟ ಉದ್ದೇಶವಲ್ಲ, ರೆಡ್‌ಕ್ರಾಸಿನ ಕೆಲಸವೇ ಅದು. ಆದರೆ ಕೊಟ್ಟವರು ಸಿಡಿದೆದ್ದರು. ಅಧ್ಯಕ್ಷೆ ಬರ್ನಡೈನ್ ಹೀಲಿ ಹುದ್ದೆ ಬಿಟ್ಟರು, ನವೆಂಬರ್‌ನಲ್ಲಿ ಸಂಸ್ಥೆ ನಿರ್ಧಾರವನ್ನೇ ಹಿಂದಕ್ಕೆ ಪಡೆಯಿತು. ಎರಡೂ ಕಡೆ ಹಣ ಹೆಚ್ಚಾಗಿತ್ತು, ಎರಡೂ ಕಡೆ ಬೇರೆ ಒಳ್ಳೆಯ ಕೆಲಸಗಳು ಕಾದಿದ್ದವು. ಒಂದು ಸಂಸ್ಥೆ ಕೇಳಿತು, ಇನ್ನೊಂದು ಕೇಳಲಿಲ್ಲ. ಕೇಳಿದರೆ ದಾನಿಗಳು ಹಿಂಜರಿಯುತ್ತಾರೆ ಎಂಬ ಭಯ ಬಹಳ ಸಂಸ್ಥೆಗಳಿಗಿದೆ. ಈ ಎರಡು ಪ್ರಸಂಗಗಳು ಹೇಳುವುದು ಅದರ ವಿರುದ್ಧವಾದದ್ದನ್ನು. ಹಾಗೆಯೇ, ಪೋಲಿಯೋ ನಿವಾರಣೆಗೆಂದು 1938ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸ್ಥಾಪಿಸಿದ ಸಂಸ್ಥೆ 1955ರಲ್ಲಿ ಸಾಲ್ಕ್ ಲಸಿಕೆ ಗೆದ್ದ ಬಳಿಕ 1958ರಲ್ಲಿ ಹುಟ್ಟಿನಿಂದ ಬರುವ ದೋಷಗಳ ಕಡೆಗೆ ತಿರುಗಿತು. ಮೊದಲಿನ ಕೆಲಸ ಬಹುಮಟ್ಟಿಗೆ ಕೈಗೂಡಿತ್ತು, ಹೊಸ ಕೆಲಸವೂ ಮಕ್ಕಳ ಆರೋಗ್ಯದ್ದೇ, ತಿರುಗಿದ್ದು ಎಲ್ಲರೆದುರಿಗೆ. ಅದನ್ನು ಯಾರೂ ಮೋಸವೆನ್ನಲಿಲ್ಲ.

ದಾನಿಗಳ ಪರವಾಗಿ ಇಷ್ಟು ಹೇಳಿದ ಮೇಲೆ ದಾನಿಗಳ ವಿರುದ್ಧವೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಸಂಸ್ಥೆಗಳು ದಾರಿ ತಪ್ಪುವುದಕ್ಕೆ ಎಷ್ಟೋ ಸಲ ಕೊಡುವವರೇ ಕಾರಣ. ಅದೇ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ದೋಣಿಗಳು ಎಷ್ಟು ಬಂದವೆಂದರೆ, ಕೆಲವು ಕಡೆ ಮೊದಲಿದ್ದ ದೋಣಿಗಳಿಗಿಂತ ಹೆಚ್ಚಾದವು. ಮೀನುಗಾರಿಕೆಯ ಗಂಧವಿಲ್ಲದ ಸಂಸ್ಥೆಗಳೂ ದೋಣಿ ಹಂಚಿದವು. ಹಣ ಕೊಟ್ಟವರಿಗೆ ಬೇಕಾಗಿದ್ದದ್ದು ದೋಣಿಯ ಮೇಲೆ ಬರೆದ ಹೆಸರು, ಮತ್ತೆ ಅದರ ಫೋಟೋ. ಇಂದು ಆ ಒತ್ತಡ ಸಿಎಸ್‌ಆರ್ ರೂಪದಲ್ಲಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅದು ಒಳ್ಳೆಯದೇ. ಆದರೆ ಹಣ ವರ್ಷದ ಲೆಕ್ಕದಲ್ಲಿ, ಕಂಪನಿಗೆ ಇಷ್ಟವಾದ ವಿಷಯಕ್ಕೆ, ಅದರ ಕಾರ್ಖಾನೆಯ ಸುತ್ತಮುತ್ತ ಬರುವುದೇ ಹೆಚ್ಚು. ಕುಷ್ಠರೋಗಿಗಳ ಆರೈಕೆಗೆಂದು ಹುಟ್ಟಿದ ಸಂಸ್ಥೆಗೆ ಆ ಕೆಲಸಕ್ಕೆ ಕೊಡುವವರು ಸಿಗದೆ, ಕಂಪ್ಯೂಟರ್ ತರಬೇತಿಗೆ ಸಿಗುವ ಹಣದ ಹಿಂದೆ ಹೋಗುವ ಪರಿಸ್ಥಿತಿ ಬಂದರೆ ಅದನ್ನು ಸಂಸ್ಥೆಯ ದುರಾಸೆ ಎನ್ನುವುದು ಪೂರ್ತಿ ಸರಿಯಲ್ಲ. ಸಂಬಳ, ಬಾಡಿಗೆ, ಲೆಕ್ಕಪತ್ರದ ಖರ್ಚಿಗೆ ಕೊಡಲು ಯಾರಿಗೂ ಮನಸ್ಸಿಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಮೂಲ ಕೆಲಸ ನಡೆಸುವ ಬೆನ್ನುಮೂಳೆಗೆ ಹಣ ಕೊಡದೆ, ಮೂಲ ಕೆಲಸ ಬಿಟ್ಟಿರಿ ಎಂದು ದೂರುವ ಹಕ್ಕು ದಾನಿಗೆ ಎಷ್ಟರಮಟ್ಟಿಗಿದೆ? ಪೂರ್ತಿ ಇಲ್ಲ ಎಂದು ಹೇಳಲಾರೆ. ಆದರೆ ಕೊಡುವಾಗಲೇ ಉದ್ದೇಶ ಬಾಗಿಸಿದವನು, ಆಮೇಲೆ ಉದ್ದೇಶ ಬಾಗಿತು ಎಂದು ಕೂಗುವುದು ನ್ಯಾಯವಲ್ಲ. ಕಾಳಜಿಯಿರುವ ದಾನಿ ತಾನು ನಂಬಿದ ಕೆಲಸದ ವಿದ್ಯುತ್ ಬಿಲ್ಲಿಗೂ ಕೊಡಲು ಸಿದ್ಧನಿರಬೇಕು.

ಇಷ್ಟಾದರೂ ದಾರಿತಪ್ಪಿದ ಸಂಸ್ಥೆಯ ಎದುರು ಸಾಮಾನ್ಯ ದಾನಿಗೆ ಏನು ದಾರಿಯಿದೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ದತ್ತಿಯಲ್ಲಿ ನಂಬಿಕೆದ್ರೋಹ ನಡೆದರೆ ಅಡ್ವೊಕೇಟ್ ಜನರಲ್ ದಾವೆ ಹೂಡಬಹುದು, ಇಲ್ಲವೇ ಆ ದತ್ತಿಯಲ್ಲಿ ಹಿತಾಸಕ್ತಿಯಿರುವ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಹೂಡಬಹುದು. ಕಾಗದದ ಮೇಲೆ ದೊಡ್ಡ ಹಕ್ಕು. ಆದರೆ ಐನೂರು ರೂಪಾಯಿ ಕೊಟ್ಟವನು ವರ್ಷಗಟ್ಟಲೆ ವಕೀಲರ ಫೀಸು ತೆತ್ತು ದಾವೆ ನಡೆಸುವುದುಂಟೇ? ನ್ಯಾಯಾಲಯ ಬರುವ ಹೊತ್ತಿಗೆ ಸಾಮಾನ್ಯವಾಗಿ ಹಾನಿಯಾಗಿ ಹೋಗಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪಚ್ಚೈಯಪ್ಪ ಟ್ರಸ್ಟಿನ ಆಡಳಿತವನ್ನೇ ಮದ್ರಾಸ್ ಹೈಕೋರ್ಟು ನಿವೃತ್ತ ನ್ಯಾಯಮೂರ್ತಿಗಳ ಕೈಗೆ ಕೊಡಬೇಕಾಗಿ ಬಂತು. ಎರಡು ಶತಮಾನಗಳಲ್ಲಿ ಮತ್ತೊಂದು ಸಲ ಒಂದೇ ದತ್ತಿಗೆ ನ್ಯಾಯಾಲಯವೇ ಪೋಷಕನಾಗುವುದೆಂದರೆ, ನಡುವಿನ ದಿನಗಳಲ್ಲಿ ಕಾವಲು ಯಾರಿಗೂ ಸೇರಿರಲಿಲ್ಲ ಎಂದರ್ಥ. ಆ ಕಾವಲನ್ನು ದಾವೆಯಿಂದಲ್ಲ, ದಿನನಿತ್ಯದ ಮಾಹಿತಿಯಿಂದ ಕೊಡಬೇಕು. ಅದಕ್ಕೆ ಹೊಸ ಇಲಾಖೆ ಬೇಕಿಲ್ಲ, ಮಾದರಿಯೂ ಸಿದ್ಧವಿದೆ. 1961ರ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ದತ್ತಿಸಂಸ್ಥೆ, ನೋಂದಣಿಯ ಷರತ್ತಿಗೆ ಹೊಂದದಂತೆ ತನ್ನ ಉದ್ದೇಶಗಳನ್ನು ಬದಲಿಸಿಕೊಂಡರೆ 30 ದಿನಗಳೊಳಗೆ ತೆರಿಗೆ ಇಲಾಖೆಗೆ ಮತ್ತೆ ಅರ್ಜಿ ಹಾಕಬೇಕೆಂದು ಗೊತ್ತುಪಡಿಸಲಾಯಿತು. ವಿನಾಯಿತಿ ಕೊಟ್ಟ ಸರ್ಕಾರಕ್ಕೆ ಉದ್ದೇಶ ಬದಲಾದದ್ದು ತಿಳಿಯಬೇಕು ಎನ್ನುವುದು ಇದರ ಹಿಂದಿನ ತರ್ಕ. ಹಣ ಕೊಟ್ಟವನಿಗೆ ತಿಳಿಯಬೇಕೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ತೆರಿಗೆ ಅಧಿಕಾರಿಗೆ ಹೋಗುವ ಆ ಪತ್ರದ ಪ್ರತಿಯೊಂದು, ಹಣ ತಿರುಗಿಸುವ ಮುನ್ನ, ವಿಳಾಸವಿರುವ ದಾನಿಗಳಿಗೆ ಹೋಗಲಿ. ವಿಳಾಸವಿಲ್ಲದ ಭಕ್ತರಿಗಾಗಿ ದೇವಸ್ಥಾನದ ಮಹಾದ್ವಾರದಲ್ಲಿ, ಇಷ್ಟು ಉಳಿಕೆ, ಇಷ್ಟು ಹಣ ಇಂಥ ಕೆಲಸಕ್ಕೆ, ಆಕ್ಷೇಪಣೆ ಇಂಥ ದಿನದೊಳಗೆ ಎಂದು ಬರೆದ ಫಲಕ ನಿಲ್ಲಲಿ.